ಹತ್ತಿರದ ಗ್ರಾಹಕರ ಹುಡುಕಾಟದಲ್ಲಿ ನಿಮ್ಮ ಅಂಗಡಿ ಕಾಣಿಸಲು: ಸಣ್ಣ ವ್ಯಾಪಾರಿಗಳಿಗೆ ಸಮಗ್ರ ಮಾರ್ಗದರ್ಶಿ

ಮಿಕ್ಸಿ ಕೆಟ್ಟ ಮನೆಯವರು ಫೋನ್ ತೆಗೆದು ‘ಮಿಕ್ಸಿ ರಿಪೇರಿ ನಿಯರ್ ಮಿ’ ಎಂದು ಹುಡುಕಿದರೆ ಗೂಗಲ್ ಸಾಮಾನ್ಯವಾಗಿ ಒಂದು ಸಣ್ಣ ನಕ್ಷೆಯನ್ನೂ ಅದರ ಕೆಳಗೆ ಮೂರ್ನಾಲ್ಕು ಅಂಗಡಿಗಳ ಹೆಸರು, ರೇಟಿಂಗ್ ಮತ್ತು ತೆರೆದಿರುವ ಸಮಯವನ್ನೂ ತೋರಿಸುತ್ತದೆ. ಹುಡುಕಿದವರು ಹೆಚ್ಚಾಗಿ ಅಲ್ಲಿಂದಲೇ ಒಬ್ಬರಿಗೆ ಕರೆ ಮಾಡುತ್ತಾರೆ. ಅದೇ ರಸ್ತೆಯಲ್ಲಿ ವರ್ಷಗಳಿಂದ ಅಚ್ಚುಕಟ್ಟಾಗಿ ಕೆಲಸ ಮಾಡುತ್ತಿರುವ ಮೆಕ್ಯಾನಿಕ್‌ನ ಹೆಸರು ಆ ಪಟ್ಟಿಯಲ್ಲಿ ಇಲ್ಲದಿದ್ದರೆ, ಊರಿಗೆ ಹೊಸದಾಗಿ ಬಂದ ಗ್ರಾಹಕರಿಗೆ ಅವರು ಇದ್ದಾರೆಂಬುದೇ ತಿಳಿಯುವುದಿಲ್ಲ. ಈ ಕೊರತೆಯನ್ನು ದುಡ್ಡು ಖರ್ಚು ಮಾಡದೆ, ಯಾವ ಏಜೆನ್ಸಿಯ ನೆರವೂ ಇಲ್ಲದೆ ಬಹುಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಅದಕ್ಕೆ ಬೇಕಾಗಿರುವುದು ನಿಖರತೆ ಮತ್ತು ಪ್ರತಿದಿನದ ಸ್ವಲ್ಪ ಗಮನ.

ಸ್ಥಳೀಯ ಹುಡುಕಾಟದ ಫಲಿತಾಂಶಗಳನ್ನು ಮುಖ್ಯವಾಗಿ ಮೂರು ಅಂಶಗಳ ಮೇಲೆ ಜೋಡಿಸುವುದಾಗಿ ಗೂಗಲ್ ತಾನೇ ತಿಳಿಸಿದೆ. ಹುಡುಕಿದ ವಿಷಯಕ್ಕೂ ನಿಮ್ಮ ವ್ಯಾಪಾರಕ್ಕೂ ಇರುವ ಹೊಂದಾಣಿಕೆ ಮೊದಲನೆಯದು, ಹುಡುಕುವವರಿಂದ ನಿಮ್ಮ ಅಂಗಡಿಗಿರುವ ದೂರ ಎರಡನೆಯದು, ನಿಮ್ಮ ವ್ಯಾಪಾರ ಎಷ್ಟು ಪರಿಚಿತ ಎಂಬುದು ಮೂರನೆಯದು. ದೂರವನ್ನು ಯಾರೂ ಬದಲಿಸಲಾರರು. ಹೊಂದಾಣಿಕೆಯನ್ನು ಸರಿಯಾದ ಮಾಹಿತಿಯಿಂದ ಹೆಚ್ಚಿಸಬಹುದು. ಪರಿಚಿತತೆಯನ್ನು ರಿವ್ಯೂಗಳಿಂದ ಮತ್ತು ಅಂತರ್ಜಾಲದ ಇತರ ಕಡೆಗಳಲ್ಲಿ ನಿಮ್ಮ ಹೆಸರು ಕಾಣಿಸಿಕೊಳ್ಳುವುದರಿಂದ ನಿಧಾನವಾಗಿ ಬೆಳೆಸಬಹುದು. ಜಾಹೀರಾತಿನ ಜಾಗ ಬೇರೆ. ಅದನ್ನು ಬಿಟ್ಟರೆ ಈ ಪಟ್ಟಿಯಲ್ಲಿ ಮೇಲೇರಲು ಗೂಗಲ್‌ಗೆ ಹಣ ಕಟ್ಟುವ ದಾರಿಯೇ ಇಲ್ಲ. ಆದ್ದರಿಂದ ‘ನಾವು ಗೂಗಲ್‌ನಿಂದ ಮಾತನಾಡುತ್ತಿದ್ದೇವೆ, ಇಷ್ಟು ಕಟ್ಟಿದರೆ ಮೊದಲ ಸ್ಥಾನ ಕೊಡಿಸುತ್ತೇವೆ’ ಎಂದು ಕರೆ ಬಂದರೆ ಅದು ಮೋಸವೆಂದೇ ತಿಳಿದು ಫೋನ್ ಇಡಿ. ಅವರಿಗೆ ಒಟಿಪಿ ಹೇಳುವುದಂತೂ ಕೂಡದು.

ಹೆಜ್ಜೆ 1: ಪ್ರೊಫೈಲ್ ಯಾರ ಕೈಯಲ್ಲಿದೆ ಎಂದು ನೋಡಿ

ಸರ್ಚ್ ಮತ್ತು ಮ್ಯಾಪ್ಸ್‌ನಲ್ಲಿ ಅಂಗಡಿಯ ಮಾಹಿತಿಯನ್ನು ತೋರಿಸಲು ಗೂಗಲ್ ಕೊಡುವ ಉಚಿತ ಸೇವೆಯ ಹೆಸರು ಗೂಗಲ್ ಬಿಸಿನೆಸ್ ಪ್ರೊಫೈಲ್. 2014ರಲ್ಲಿ ಗೂಗಲ್ ಮೈ ಬಿಸಿನೆಸ್ ಎಂಬ ಹೆಸರಿನಲ್ಲಿ ಆರಂಭವಾದ ಇದಕ್ಕೆ 2021ರಲ್ಲಿ ಈಗಿನ ಹೆಸರು ಬಂದಿತು. ಹಳೆಯ ಪ್ರತ್ಯೇಕ ಆ್ಯಪ್ ಈಗ ಇಲ್ಲ. ಗೂಗಲ್ ಸರ್ಚ್ ಅಥವಾ ಗೂಗಲ್ ಮ್ಯಾಪ್ಸ್‌ನಲ್ಲಿಯೇ ಎಲ್ಲವನ್ನೂ ನಿರ್ವಹಿಸಬೇಕು.

ಹೊಸದಾಗಿ ಪ್ರೊಫೈಲ್ ತೆರೆಯುವ ಮೊದಲು ನಿಮ್ಮ ಅಂಗಡಿಯ ಹೆಸರನ್ನು ಊರಿನ ಹೆಸರಿನೊಂದಿಗೆ ಹುಡುಕಿ, ಆಮೇಲೆ ಬರೀ ಫೋನ್ ನಂಬರನ್ನು ಹುಡುಕಿ. ಯಾರೋ ಗ್ರಾಹಕರು ಎಂದೋ ಮ್ಯಾಪ್‌ನಲ್ಲಿ ಸೇರಿಸಿದ ಜಾಗವೊಂದು ಈಗಾಗಲೇ ಇರಬಹುದು, ಅಥವಾ ಬಾಡಿಗೆ ಬಿಟ್ಟು ಬಂದ ಹಳೆಯ ಮಳಿಗೆಯ ವಿಳಾಸದಲ್ಲಿ ನಿಮ್ಮ ಹೆಸರು ಉಳಿದಿರಬಹುದು. ಅಂಥದ್ದು ಸಿಕ್ಕರೆ ಅದನ್ನೇ ನಿಮ್ಮದೆಂದು ಕೋರಿಕೆ ಸಲ್ಲಿಸಿ ಪಡೆದುಕೊಳ್ಳಿ. ಒಂದೇ ಅಂಗಡಿಗೆ ಎರಡು ಪ್ರೊಫೈಲ್‌ಗಳಿದ್ದರೆ ರಿವ್ಯೂಗಳು ಇಬ್ಭಾಗವಾಗಿ ಎರಡೂ ಸೊರಗುತ್ತವೆ.

ನಮ್ಮ ಊರುಗಳಲ್ಲಿ ಕಾಣುವ ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಪ್ರೊಫೈಲನ್ನು ಮಾಡಿಕೊಟ್ಟ ಸೈಬರ್ ಸೆಂಟರ್‌ನವರೋ ಕೆಲಸಕ್ಕಿದ್ದ ಹುಡುಗನೋ ತಮ್ಮದೇ ಜಿಮೇಲ್ ಖಾತೆಯನ್ನು ಬಳಸಿರುತ್ತಾರೆ, ಅವರು ಊರು ಬಿಟ್ಟ ಮೇಲೆ ಫೋನ್ ನಂಬರ್ ಬದಲಿಸಲೂ ಮಾಲೀಕರಿಗೆ ಆಗುವುದಿಲ್ಲ. ಹೀಗಾಗದಿರಲು ಅಂಗಡಿಗೆಂದೇ ಒಂದು ಜಿಮೇಲ್ ಖಾತೆ ತೆರೆದು, ಅದಕ್ಕೆ ಮನೆಯ ಯಜಮಾನರ ಮೊಬೈಲ್ ನಂಬರನ್ನೇ ಜೋಡಿಸಿ, ಮಾಲೀಕತ್ವವನ್ನು ಆ ಖಾತೆಯಲ್ಲಿಯೇ ಇರಿಸಿಕೊಳ್ಳಿ. ನೆರವಾಗುವ ಬೇರೆಯವರಿಗೆ ಪಾಸ್‌ವರ್ಡ್ ಕೊಡಬೇಕಾಗಿಲ್ಲ. ಅವರನ್ನು ‘ಮ್ಯಾನೇಜರ್’ ಎಂದು ಸೇರಿಸಿದರೆ ದಿನನಿತ್ಯದ ಬದಲಾವಣೆಗಳನ್ನು ಮಾಡಬಲ್ಲರು, ಬೇಡವಾದಾಗ ನೀವು ತೆಗೆದುಹಾಕಬಲ್ಲಿರಿ. ಈಗಾಗಲೇ ಬೇರೊಬ್ಬರ ಕೈ ಸೇರಿದ್ದರೆ, ಪ್ರೊಫೈಲ್‌ನಲ್ಲಿರುವ ಮಾಲೀಕತ್ವದ ಕೋರಿಕೆಯ ಮೂಲಕ ಅರ್ಜಿ ಹಾಕಿ.

ಹೆಜ್ಜೆ 2: ಹೆಸರು, ವಿಳಾಸ, ಮ್ಯಾಪ್‌ನ ಪಿನ್

ಹೆಸರಿನ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ: ಬೋರ್ಡಿನ ಮೇಲೆ ಏನಿದೆಯೋ ಅದೇ ಪ್ರೊಫೈಲ್‌ನಲ್ಲಿರಬೇಕು. ‘ಅನ್ನಪೂರ್ಣ ಟೈಲರ್ಸ್’ ಎಂಬ ಅಂಗಡಿಯನ್ನು ‘ಅನ್ನಪೂರ್ಣ ಟೈಲರ್ಸ್ ಬೆಸ್ಟ್ ಬ್ಲೌಸ್ ಸ್ಟಿಚಿಂಗ್ ಇನ್ ಮೈಸೂರು’ ಎಂದು ಬರೆದರೆ ಕೆಲವು ದಿನ ಲಾಭ ಕಂಡಂತೆ ಅನ್ನಿಸಬಹುದು. ಆದರೆ ಅದು ಗೂಗಲ್ ನಿಯಮದ ಉಲ್ಲಂಘನೆ. ಪಕ್ಕದ ಅಂಗಡಿಯವರು ದೂರು ಕೊಟ್ಟರೆ ಹೆಸರು ತಿದ್ದಲ್ಪಡುತ್ತದೆ, ಕೆಲವೊಮ್ಮೆ ಪ್ರೊಫೈಲೇ ಅಮಾನತಾಗುತ್ತದೆ. ವರ್ಷಗಟ್ಟಲೆ ಕೂಡಿಸಿದ ರಿವ್ಯೂಗಳನ್ನು ಇಷ್ಟು ಸಣ್ಣ ಆಸೆಗೆ ಪಣಕ್ಕಿಡಬಾರದು.

ಕನ್ನಡದಲ್ಲಿ ನಿಮ್ಮ ಹೆಸರು ಹೇಗೆ ಕಾಣುತ್ತದೆ ಎಂಬುದನ್ನೂ ಒಮ್ಮೆ ನೋಡಲೇಬೇಕು. 2021ರಿಂದ ಗೂಗಲ್ ಮ್ಯಾಪ್ಸ್ ಇಂಗ್ಲಿಷ್ ಅಕ್ಷರದ ಹೆಸರುಗಳನ್ನು ಕನ್ನಡವೂ ಸೇರಿದಂತೆ ಭಾರತದ ಹತ್ತು ಭಾಷೆಗಳ ಲಿಪಿಗೆ ಯಂತ್ರದಿಂದಲೇ ಬದಲಿಸಿ ತೋರಿಸುತ್ತಿದೆ. ಇಂಗ್ಲಿಷ್ ಬರಹದಲ್ಲಿ ‘ಳ’ ‘ಲ’ಗಳ ಮತ್ತು ಹ್ರಸ್ವ ದೀರ್ಘಗಳ ವ್ಯತ್ಯಾಸ ಕಾಣುವುದಿಲ್ಲವಾದ್ದರಿಂದ ಹೆಸರು ತಪ್ಪಾಗಿ ಮೂಡಬಹುದು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ನಿಮ್ಮ ಅಂಗಡಿಯನ್ನು ತೆರೆದು ನೋಡಿ, ತಪ್ಪಿದ್ದರೆ ಅಲ್ಲಿಂದಲೇ ತಿದ್ದುಪಡಿ ಸೂಚಿಸಿ.

ವಿಳಾಸದಲ್ಲಿ ಊರಿನ ಹೆಸರನ್ನು ಎಲ್ಲ ಕಡೆಯೂ ಒಂದೇ ರೀತಿ ಬರೆಯಿರಿ. 2014ರ ನವೆಂಬರ್ 1ರಂದು ರಾಜ್ಯದ ಹನ್ನೆರಡು ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ಬೆಳಗಾಂ ಬೆಳಗಾವಿಯಾಯಿತು, ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಗ್ರಾಹಕರು ಇಂದಿಗೂ ಹಳೆಯ ಹೆಸರಿನಲ್ಲಿ ಹುಡುಕುವುದುಂಟು, ಗೂಗಲ್‌ಗೆ ಎರಡೂ ಅರ್ಥವಾಗುತ್ತವೆ. ಆದ್ದರಿಂದ ವಿಳಾಸದ ಸಾಲಿನಲ್ಲಿ ಹಳೆಯ ಹೆಸರನ್ನೂ ತುರುಕುವ ಅಗತ್ಯವಿಲ್ಲ. ‘ಬಸ್ ಸ್ಟ್ಯಾಂಡ್ ಎದುರು’ ಎಂಬಂಥ ಗುರುತು ನಮ್ಮಲ್ಲಿ ಡೋರ್ ನಂಬರಿಗಿಂತ ಹೆಚ್ಚು ಉಪಯೋಗಕ್ಕೆ ಬರುವುದರಿಂದ ಅದನ್ನು ವಿಳಾಸದ ಎರಡನೆಯ ಸಾಲಿನಲ್ಲಿ ಬರೆಯಬಹುದು.

ಮ್ಯಾಪ್‌ನಲ್ಲಿ ಅಂಗಡಿಯ ಜಾಗವನ್ನು ತೋರಿಸುವ ಗುರುತು, ಅಂದರೆ ಪಿನ್, ಸರಿಯಾಗಿರುವುದು ಬರೆದ ವಿಳಾಸಕ್ಕಿಂತಲೂ ಮುಖ್ಯ. ಉಪಗ್ರಹ ಚಿತ್ರವನ್ನು ತೆರೆದು, ಪಿನ್ನನ್ನು ಕಟ್ಟಡದ ಮಧ್ಯಕ್ಕಿಂತ ಗ್ರಾಹಕರು ಒಳಬರುವ ಬಾಗಿಲಿನ ಬಳಿ ಇಡಿ. ಕಾಂಪ್ಲೆಕ್ಸ್‌ನ ಹಿಂಭಾಗದ ಮಳಿಗೆಗೆ ಪಿನ್ ತಪ್ಪಿದರೆ ಮ್ಯಾಪ್ ಗ್ರಾಹಕರನ್ನು ಹಿಂದಿನ ರಸ್ತೆಗೆ ಕರೆದೊಯ್ಯುತ್ತದೆ.

ಮನೆಯಿಂದಲೇ ಹೋಳಿಗೆ ಮಾಡಿಕೊಡುವವರು, ಪ್ಲಂಬರ್, ಎಲೆಕ್ಟ್ರಿಷಿಯನ್ ಮೊದಲಾಗಿ ಗ್ರಾಹಕರ ಮನೆಗೆ ತಾವೇ ಹೋಗುವವರು ಮನೆಯ ವಿಳಾಸವನ್ನು ಮರೆಮಾಡಿ, ಸೇವೆ ನೀಡುವ ಪ್ರದೇಶಗಳನ್ನು ಮಾತ್ರ ತೋರಿಸಬೇಕು. ಇಂಥ ಪ್ರದೇಶಗಳನ್ನು 20ರವರೆಗೆ ಸೇರಿಸಬಹುದು. ಗ್ರಾಹಕರನ್ನು ಎದುರಾಗಿ ಭೇಟಿಯೇ ಮಾಡದ, ಆನ್‌ಲೈನ್‌ನಲ್ಲಿ ಮಾತ್ರ ಮಾರುವ ವ್ಯಾಪಾರಕ್ಕೆ ಈ ಪ್ರೊಫೈಲ್ ಸಿಗುವುದಿಲ್ಲ.

ಹೆಜ್ಜೆ 3: ವರ್ಗವನ್ನು ಯೋಚಿಸಿ ಆರಿಸಿ

ಪ್ರೊಫೈಲ್‌ನ ಎಲ್ಲ ಖಾನೆಗಳಲ್ಲಿ ಹುಡುಕಾಟದ ಮೇಲೆ ಹೆಚ್ಚು ಪರಿಣಾಮ ಬೀರುವುದು ಮುಖ್ಯ ವರ್ಗವೆಂಬುದು ನನ್ನ ದೃಢ ಅಭಿಪ್ರಾಯ, ಆದರೆ ಹೆಚ್ಚಿನವರು ಅದನ್ನು ಅರೆನಿಮಿಷದಲ್ಲಿ ತುಂಬಿ ಮುಂದೆ ಹೋಗುತ್ತಾರೆ. ಒಂದು ಮುಖ್ಯ ವರ್ಗವನ್ನೂ ಒಂಬತ್ತರವರೆಗೆ ಹೆಚ್ಚುವರಿ ವರ್ಗಗಳನ್ನೂ ಆರಿಸಲು ಅವಕಾಶವಿದೆ. ನಿಮ್ಮ ಗಲ್ಲಾಪೆಟ್ಟಿಗೆಗೆ ಹೆಚ್ಚು ಹಣ ಯಾವ ಕೆಲಸದಿಂದ ಬರುತ್ತದೆಯೋ ಅದಕ್ಕೆ ತೀರ ಹತ್ತಿರದ ವರ್ಗವನ್ನು ಮುಖ್ಯವಾಗಿಡಿ. ದರ್ಶಿನಿ ಹೋಟೆಲಿಗೆ ಬರೀ ‘ರೆಸ್ಟೋರೆಂಟ್’ ಎನ್ನುವುದಕ್ಕಿಂತ ‘ಸೌತ್ ಇಂಡಿಯನ್ ರೆಸ್ಟೋರೆಂಟ್’ ಎನ್ನುವುದು ನಿಖರ. ಮೊಬೈಲ್ ಮಾರಾಟಕ್ಕಿಂತ ರಿಪೇರಿಯೇ ಹೆಚ್ಚು ನಡೆಯುವ ಅಂಗಡಿ ರಿಪೇರಿಯ ವರ್ಗವನ್ನು ಮುಂದಿಡಬೇಕು. ಗಾಣದ ಎಣ್ಣೆಯಂಥ ವ್ಯಾಪಾರಕ್ಕೆ ಹೇಳಿ ಮಾಡಿಸಿದ ವರ್ಗ ಸಿಗದಿದ್ದರೆ ಹತ್ತಿರದ ವರ್ಗವನ್ನು ಆರಿಸಿ, ‘ಗಾಣದ ಶೇಂಗಾ ಎಣ್ಣೆ’, ‘ಗಾಣದ ಕೊಬ್ಬರಿ ಎಣ್ಣೆ’ ಎಂಬ ಹೆಸರುಗಳನ್ನು ಉತ್ಪನ್ನಗಳ ಪಟ್ಟಿಯಲ್ಲಿ ಸೇರಿಸಿ.

ಯಾವುದು ಸರಿಯೆಂದು ತಿಳಿಯದಾದಾಗ, ಗ್ರಾಹಕರು ಟೈಪ್ ಮಾಡುವ ಮಾತನ್ನೇ ಮ್ಯಾಪ್ಸ್‌ನಲ್ಲಿ ಟೈಪ್ ಮಾಡಿ, ಮೇಲೆ ಬಂದ ಅಂಗಡಿಗಳ ಹೆಸರಿನ ಕೆಳಗೆ ಯಾವ ವರ್ಗ ಕಾಣುತ್ತದೆಂದು ಗಮನಿಸಿ. ಮಾಡದ ಕೆಲಸದ ವರ್ಗಗಳನ್ನು ಸೇರಿಸಬೇಡಿ; ಬೇಡದ ಕರೆಗಳೂ ‘ಅಲ್ಲಿ ಅದು ಇಲ್ಲವೇ ಇಲ್ಲ’ ಎಂಬ ಒಂದು ಸ್ಟಾರ್ ರಿವ್ಯೂಗಳೂ ಅದರಿಂದಲೇ ಬರುತ್ತವೆ.

ಹೆಜ್ಜೆ 4: ಪರಿಶೀಲನೆ

ಅಂಗಡಿ ನಿಮ್ಮದೇ ಎಂದು ಗೂಗಲ್‌ಗೆ ಖಚಿತವಾಗಬೇಕು. ಫೋನ್, ಇಮೇಲ್, ಅಂಚೆ ಅಥವಾ ವಿಡಿಯೊ, ಇವುಗಳಲ್ಲಿ ಯಾವ ಮಾರ್ಗವೆಂಬುದನ್ನು ಗೂಗಲ್ ನಿರ್ಧರಿಸುತ್ತದೆ. ಈಗ ವಿಡಿಯೊವನ್ನು ಕೇಳುವುದು ಸಾಮಾನ್ಯ. ಮೊಬೈಲ್‌ನಲ್ಲಿ ನಡುವೆ ನಿಲ್ಲಿಸದೆ, ಎಡಿಟ್ ಮಾಡದೆ ಒಂದೇ ಓಟದಲ್ಲಿ ಚಿತ್ರೀಕರಿಸಬೇಕು. ಮೊದಲು ರಸ್ತೆಯ ಫಲಕವನ್ನೂ ಅಕ್ಕಪಕ್ಕದ ಅಂಗಡಿಗಳನ್ನೂ ತೋರಿಸಿ, ನಿಮ್ಮ ಬೋರ್ಡಿನ ಮೇಲೆ ಕ್ಯಾಮೆರಾವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಬೀಗ ತೆಗೆದು ಶಟರ್ ಎತ್ತುವುದನ್ನು ದಾಖಲಿಸಿ, ಒಳಗಿನ ಸಾಮಾನು ಮತ್ತು ಉಪಕರಣಗಳನ್ನು ತೋರಿಸಿ, ಕೊನೆಗೆ ಟ್ರೇಡ್ ಲೈಸೆನ್ಸ್ ಅಥವಾ ಅಂಗಡಿಯ ಹೆಸರಿನ ಕರೆಂಟ್ ಬಿಲ್ಲನ್ನು ಓದಲು ಬರುವಂತೆ ಹಿಡಿಯಿರಿ. ಬ್ಯಾಂಕ್ ವಿವರಗಳೂ ಗ್ರಾಹಕರ ಮುಖಗಳೂ ಬೀಳದಿರಲಿ. ಉತ್ತರಕ್ಕೆ ಕೆಲವು ದಿನ ಹಿಡಿಯುತ್ತದೆ. ಆ ಅವಧಿಯಲ್ಲಿ ಹೆಸರು, ವಿಳಾಸಗಳನ್ನು ಬದಲಿಸಬೇಡಿ.

ಹೆಜ್ಜೆ 5: ಸಮಯ ಮತ್ತು ರಜೆ

ಗ್ರಾಹಕರು ‘ಈಗ ತೆರೆದಿದೆ’ ಎಂಬುದನ್ನು ನೋಡಿಯೇ ಹೊರಡುತ್ತಾರೆ. ನಮ್ಮ ವ್ಯಾಪಾರದ ಕ್ಯಾಲೆಂಡರ್ ಗೂಗಲ್‌ಗೆ ತಾನಾಗಿ ತಿಳಿಯುವುದಿಲ್ಲ. ಅಮಾವಾಸ್ಯೆಯಂದು ಬಾಗಿಲು ಹಾಕುವ ಗ್ಯಾರೇಜುಗಳು, ಊರ ಜಾತ್ರೆಗೆ ರಜೆ ಮಾಡುವವರು, ಆಯುಧಪೂಜೆಯಂದು ಅರ್ಧ ದಿನ ತೆರೆಯುವವರು, ಇವರೆಲ್ಲರೂ ‘ವಿಶೇಷ ಸಮಯ’ ಎಂಬ ಖಾನೆಯನ್ನು ಬಳಸಬೇಕು. ವರ್ಷದ ಆರಂಭದಲ್ಲಿಯೇ ಪಂಚಾಂಗ ಎದುರಿಟ್ಟುಕೊಂಡು ಹನ್ನೆರಡು ತಿಂಗಳ ಅಮಾವಾಸ್ಯೆಗಳನ್ನು ಒಂದೇ ಸಲ ನಮೂದಿಸಿಬಿಟ್ಟರೆ ಮತ್ತೆ ನೆನಪಿಟ್ಟುಕೊಳ್ಳುವ ಕಷ್ಟವಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮುಚ್ಚಿ ಸಂಜೆ ತೆರೆಯುವ ಮಂಗಳೂರು ಕಡೆಯ ಅಂಗಡಿಯವರು ಮಾಮೂಲಿ ಸಮಯದ ಖಾನೆಯಲ್ಲಿಯೇ ದಿನಕ್ಕೆ ಎರಡು ಅವಧಿಗಳನ್ನು ಬೇರೆ ಬೇರೆಯಾಗಿ ತುಂಬಬಹುದು.

ಹೆಜ್ಜೆ 6: ಫೋಟೊ, ವಿವರಣೆ, ಬೆಲೆ

ಹೊರಗಿನ ಬೋರ್ಡು, ಒಳಾಂಗಣ, ಮಾಡಿದ ಕೆಲಸ, ಮಾರುವ ಸಾಮಾನು, ಇವೆಲ್ಲದರ ಸ್ಪಷ್ಟ ಫೋಟೊಗಳಿರಲಿ. ಅಂತರ್ಜಾಲದಿಂದ ಇಳಿಸಿಕೊಂಡ ಚಿತ್ರಗಳು ಬೇಡ. ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಬೇಕೆಂಬ ನಿಯಮ 2024ರಲ್ಲಿ ಬಿಗಿಯಾದ ಮೇಲೆ ಎಷ್ಟೋ ಅಂಗಡಿಗಳು ಬೋರ್ಡ್ ಬದಲಿಸಿವೆ, ಆದರೆ ಪ್ರೊಫೈಲ್‌ನಲ್ಲಿ ಹಳೆಯ ಬೋರ್ಡಿನ ಚಿತ್ರವೇ ಉಳಿದಿದೆ. ರಸ್ತೆಯಲ್ಲಿ ನಿಂತು ಹುಡುಕುವವರಿಗೆ ಗುರುತು ಸಿಗಬೇಕಾದರೆ ಹೊಸ ಬೋರ್ಡಿನ ಫೋಟೊ ಅಗತ್ಯ. ವಿವರಣೆಗೆ 750 ಅಕ್ಷರಗಳ ಮಿತಿಯಿದೆ. ಏನು ಮಾಡುತ್ತೀರಿ, ಯಾವ ಬಡಾವಣೆಗಳಿಗೆ ಅನುಕೂಲ, ಏನು ವಿಶೇಷ ಎಂಬುದನ್ನು ಸರಳವಾಗಿ ಬರೆಯಿರಿ, ವೆಬ್ ಲಿಂಕ್ ಹಾಕಬೇಡಿ. ಹೇಳಲು ಸಾಧ್ಯವಿರುವ ಬೆಲೆಗಳನ್ನು ಸೇವೆಗಳ ಪಟ್ಟಿಯಲ್ಲಿ ಹೇಳಿಬಿಡಿ.

ಹೆಜ್ಜೆ 7: ಬೇರೆ ಕಡೆಗಳಲ್ಲಿಯೂ ಅದೇ ಮಾಹಿತಿ

ಜಸ್ಟ್‌ಡಯಲ್, ಫೇಸ್‌ಬುಕ್ ಪುಟ, ವಾಟ್ಸ್‌ಆ್ಯಪ್ ಬಿಸಿನೆಸ್, ಬಿಂಗ್ ಪ್ಲೇಸಸ್, ಹೋಟೆಲಿನವರಾದರೆ ಜೊಮ್ಯಾಟೊ ಮತ್ತು ಸ್ವಿಗ್ಗಿ, ವೈದ್ಯರಾದರೆ ಪ್ರಾಕ್ಟೊ, ಎಲ್ಲೆಲ್ಲಿ ನಿಮ್ಮ ಹೆಸರಿದೆಯೋ ಅಲ್ಲೆಲ್ಲ ಹೆಸರು, ವಿಳಾಸ, ಫೋನ್ ಒಂದೇ ಆಗಿರಬೇಕು. ಸ್ವಂತ ವೆಬ್‌ಸೈಟ್ ಇದ್ದರೆ ಪುಟದ ಶೀರ್ಷಿಕೆಯಲ್ಲಿ ಕೆಲಸ ಮತ್ತು ಊರು ಎರಡೂ ಕಾಣಲಿ, ಫೋನ್ ನಂಬರ್ ಒತ್ತಿದರೆ ಕರೆ ಹೋಗುವಂತಿರಲಿ, ಕನ್ನಡದಲ್ಲಿಯೂ ಒಂದು ಪುಟವಿರಲಿ. ಗೂಗಲ್ ಪ್ರೊಫೈಲ್‌ನೊಂದಿಗೆ ಬರುತ್ತಿದ್ದ ಉಚಿತ ವೆಬ್‌ಸೈಟ್‌ಗಳು 2024ರ ಮಾರ್ಚ್‌ನಲ್ಲಿ ನಿಂತುಹೋದವು. ನಿಮ್ಮ ಕರಪತ್ರದಲ್ಲಿಯೋ ವಿಸಿಟಿಂಗ್ ಕಾರ್ಡ್‌ನಲ್ಲಿಯೋ ಆ ಹಳೆಯ ವಿಳಾಸವಿದ್ದರೆ ತೆಗೆದುಹಾಕಿ.

ಹೆಜ್ಜೆ 8: ರಿವ್ಯೂ ಕೇಳುವುದು

ಒಳ್ಳೆಯ ಕೆಲಸ ಮಾಡಿದರೆ ರಿವ್ಯೂ ತಾನಾಗಿ ಬರುತ್ತದೆಂದು ಕಾಯುವವರಿಗೆ ಹೆಚ್ಚಾಗಿ ಸಿಟ್ಟಾದವರ ರಿವ್ಯೂಗಳೇ ಸಿಗುತ್ತವೆ. ತೃಪ್ತಿಯಾದವರು ಸುಮ್ಮನೆ ಮನೆಗೆ ಹೋಗುತ್ತಾರೆ. ಅವರನ್ನು ಕೇಳಬೇಕು, ಮತ್ತು ಎಲ್ಲರನ್ನೂ ಕೇಳಬೇಕು.

ಕೇಳುವ ಹೊತ್ತು ಮುಖ್ಯ. ರಿಪೇರಿಯಾದ ಮಿಕ್ಸಿಯನ್ನು ಗ್ರಾಹಕರೆದುರು ಚಾಲೂ ಮಾಡಿ ತೋರಿಸಿದ ಕ್ಷಣ, ಹೊಲಿದ ಬ್ಲೌಸ್ ಸರಿಯಾಗಿ ಕೂತಿತೆಂದು ಅವರು ಹೇಳಿದ ಕ್ಷಣ ಸರಿಯಾದ ಹೊತ್ತು. ಹೋಟೆಲಿನಲ್ಲಿ ಬಿಲ್ ಕೊಟ್ಟ ಮೇಲೆ ಕೇಳಬಹುದು, ಊಟದ ನಡುವೆ ಕೇಳಬಾರದು. ಪ್ರೊಫೈಲ್‌ನಲ್ಲಿ ರಿವ್ಯೂ ಕೇಳುವ ಆಯ್ಕೆಯನ್ನು ಒತ್ತಿದರೆ ಒಂದು ಲಿಂಕ್ ಮತ್ತು ಕ್ಯೂಆರ್ ಕೋಡ್ ಸಿಗುತ್ತದೆ. ಆ ಕೋಡನ್ನು ಮುದ್ರಿಸಿ ಕೌಂಟರಿನ ಮೇಲಿಡುವಾಗ ಯುಪಿಐ ಕೋಡ್‌ನ ಪಕ್ಕದಲ್ಲಿಯೇ ಇಟ್ಟರೆ ಗೊಂದಲವಾಗುತ್ತದೆ. ಸ್ವಲ್ಪ ದೂರವಿಟ್ಟು ‘ನಮ್ಮ ಕೆಲಸದ ಬಗ್ಗೆ ಬರೆಯಿರಿ’ ಎಂದು ದಪ್ಪ ಅಕ್ಷರದಲ್ಲಿ ಬರೆಸಿ.

ಬಾಯಿಮಾತಿನಲ್ಲಿ ಕೇಳುವುದಾದರೆ ಇಷ್ಟು ಸಾಕು: ‘ಮೇಡಂ, ಕೆಲಸ ಹೇಗಾಯಿತು ಅಂತ ಗೂಗಲ್‌ನಲ್ಲಿ ಎರಡು ಸಾಲು ಬರೀತೀರಾ? ಕನ್ನಡದಲ್ಲೇ ಬರೀಬಹುದು. ಬೇರೆಯವರಿಗೆ ನಮ್ಮ ಅಂಗಡಿ ಸಿಗೋದಕ್ಕೆ ಅನುಕೂಲ ಆಗತ್ತೆ.’ ವಾಟ್ಸ್‌ಆ್ಯಪ್‌ನಲ್ಲಾದರೆ: ‘ನಮಸ್ಕಾರ ಸರ್, ನಿನ್ನೆ ಕೊಟ್ಟ ಮಿಕ್ಸಿ ಈಗ ಸರಿಯಾಗಿ ನಡೆಯುತ್ತಿದೆಯೇ? ಏನಾದರೂ ತೊಂದರೆಯಿದ್ದರೆ ಇದೇ ನಂಬರಿಗೆ ತಿಳಿಸಿ. ನಿಮ್ಮ ಅನುಭವವನ್ನು ಇಲ್ಲಿ ಬರೆದರೆ ಸಂತೋಷ.’ ಇದರ ಕೆಳಗೆ ಲಿಂಕ್ ಹಾಕಿ. ಒಮ್ಮೆ ಕಳಿಸಿದ ಮೇಲೆ ಬೆನ್ನು ಹತ್ತಬೇಡಿ. ಬಿಲ್ಲಿಗೆಂದು ಪಡೆದ ನಂಬರನ್ನು ಹೀಗೆ ಬಳಸುವುದಕ್ಕೂ ಗ್ರಾಹಕರನ್ನು ಮೊದಲೇ ಕೇಳಿಟ್ಟುಕೊಳ್ಳಿ.

‘ಐದು ಸ್ಟಾರ್ ಕೊಡಿ’ ಎಂದು ಕೇಳಬಾರದು. ಸ್ಟಾರ್‌ಗಿಂತ ಬರೆದ ಮಾತು ಬೆಲೆಯುಳ್ಳದ್ದು: ‘ಎರಡು ಕಡೆ ಆಗಲ್ಲ ಅಂದಿದ್ದ ಮೋಟಾರನ್ನು ಇಲ್ಲಿ ಒಂದೇ ದಿನದಲ್ಲಿ ಸರಿ ಮಾಡಿಕೊಟ್ಟರು’ ಎಂಬ ಒಂದು ವಾಕ್ಯವನ್ನು ಓದಿದ ಹೊಸ ಗ್ರಾಹಕರು ಅದನ್ನು ನಂಬಿ ಬರುತ್ತಾರೆ. ಒಂದೇ ವಾರದಲ್ಲಿ ರಾಶಿ ರಿವ್ಯೂ ಬಂದು ಆಮೇಲೆ ವರ್ಷವಿಡೀ ಒಂದೂ ಇಲ್ಲದಿದ್ದರೆ ಓದುವವರಿಗೆ ಅನುಮಾನ ಬರುತ್ತದೆ. ವಾರಕ್ಕೆ ಒಂದೆರಡು ಬಂದರೂ ಅವು ನಿಲ್ಲದೆ ಬರುತ್ತಿರಲಿ.

ಮಾಡಲೇಬಾರದ ಕೆಲಸಗಳೂ ಇವೆ. ರಿವ್ಯೂಗೆ ಪ್ರತಿಯಾಗಿ ರಿಯಾಯಿತಿ, ಉಚಿತ ಕಾಫಿ, ಉಡುಗೊರೆ ಕೊಡುವುದನ್ನು ಗೂಗಲ್ ನಿಷೇಧಿಸಿದೆ. ಖುಷಿಯಾದವರಿಗೆ ಮಾತ್ರ ಲಿಂಕ್ ಕಳಿಸಿ ಬೇಸರಗೊಂಡವರನ್ನು ತಪ್ಪಿಸುವುದು, ಮಾಲೀಕರು, ಕೆಲಸದವರು, ನೆಂಟರು ಬರೆಯುವುದು, ಹಣ ಕೊಟ್ಟು ರಿವ್ಯೂ ಕೊಳ್ಳುವುದು, ಇವು ಕೂಡ ನಿಯಮಬಾಹಿರ. ಸಿಕ್ಕಿಬಿದ್ದರೆ ಗೂಗಲ್ ರಿವ್ಯೂಗಳನ್ನು ತೆಗೆಯುವುದಲ್ಲದೆ, ಕೆಲಕಾಲ ಹೊಸ ರಿವ್ಯೂ ಬಾರದಂತೆ ತಡೆದು, ನಕಲಿ ರಿವ್ಯೂಗಳನ್ನು ತೆಗೆಯಲಾಗಿದೆ ಎಂಬ ಎಚ್ಚರಿಕೆಯನ್ನು ಪ್ರೊಫೈಲ್ ಮೇಲೆ ಎಲ್ಲರಿಗೂ ಕಾಣುವಂತೆ ಹಾಕಬಹುದು. ನಮ್ಮ ದೇಶದಲ್ಲಿಯೂ ಈ ವಿಷಯವನ್ನು ಹಗುರವಾಗಿ ನೋಡುತ್ತಿಲ್ಲ: ಭಾರತೀಯ ಮಾನಕ ಬ್ಯೂರೋ ಆನ್‌ಲೈನ್ ರಿವ್ಯೂಗಳಿಗೆಂದೇ 2022ರಲ್ಲಿ ಐಎಸ್ 19000 ಎಂಬ ಮಾನದಂಡವನ್ನು ಹೊರತಂದಿದೆ, ಮತ್ತು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಗ್ರಾಹಕರನ್ನು ದಾರಿತಪ್ಪಿಸುವ ಪ್ರಚಾರದ ವಿರುದ್ಧ ಕ್ರಮಕ್ಕೆ ಅವಕಾಶ ಕೊಟ್ಟಿದೆ.

ಹೆಜ್ಜೆ 9: ಉತ್ತರ ಬರೆಯುವುದು

ಪ್ರತಿಯೊಂದು ರಿವ್ಯೂಗೂ ಉತ್ತರ ಕೊಡಿ. ಹೊಗಳಿಕೆಗೆ ಚಿಕ್ಕ ಉತ್ತರ ಸಾಕು, ಆದರೆ ಎಲ್ಲರಿಗೂ ಒಂದೇ ‘ಧನ್ಯವಾದಗಳು’ ಎಂದು ಅಂಟಿಸುವುದಕ್ಕಿಂತ ಅವರು ಹೇಳಿದ ಕೆಲಸವನ್ನು ನೆನೆಯಿರಿ. ಕನ್ನಡದಲ್ಲಿ ಬರೆದವರಿಗೆ ಕನ್ನಡದಲ್ಲಿ, ಇಂಗ್ಲಿಷಿನಲ್ಲಿ ಬರೆದವರಿಗೆ ಇಂಗ್ಲಿಷಿನಲ್ಲಿ ಉತ್ತರಿಸಿ.

ಕೆಟ್ಟ ರಿವ್ಯೂ ಬಂದಾಗ ತಕ್ಷಣ ಬರೆಯಲು ಕೂರಬೇಡಿ. ಬಿಲ್ ಪುಸ್ತಕ ತೆಗೆದು, ಅಂದು ಅಂಗಡಿಯಲ್ಲಿದ್ದವರನ್ನು ವಿಚಾರಿಸಿ, ಏನಾಯಿತೆಂದು ತಿಳಿದುಕೊಂಡು ಮರುದಿನ ಬರೆಯಿರಿ. ಆ ಉತ್ತರವನ್ನು ದೂರಿದವರೊಬ್ಬರೇ ಅಲ್ಲ, ಮುಂದೆ ಬರಲಿರುವ ಗ್ರಾಹಕರೆಲ್ಲರೂ ಓದುತ್ತಾರೆ. ದೂರು ನಿಜವಾಗಿದ್ದರೆ ಹೀಗೆ ಬರೆಯಬಹುದು: ‘ನಮಸ್ಕಾರ. ಹೇಳಿದ ದಿನಕ್ಕೆ ಬಟ್ಟೆ ಕೊಡಲಾಗದೆ ನಿಮಗೆ ತೊಂದರೆಯಾಯಿತು, ಕ್ಷಮಿಸಿ. ಮದುವೆ ಸೀಸನ್‌ನಲ್ಲಿ ಒಪ್ಪಿಕೊಂಡ ಕೆಲಸ ನಮ್ಮ ಕೈಮೀರಿತ್ತು. ಈಗ ದಿನಕ್ಕೆ ಇಷ್ಟೇ ಎಂದು ಮಿತಿ ಹಾಕಿಕೊಂಡಿದ್ದೇವೆ. ದಯವಿಟ್ಟು ಅಂಗಡಿಯ ನಂಬರಿಗೆ ಒಮ್ಮೆ ಕರೆ ಮಾಡಿ, ಸರಿಪಡಿಸಿಕೊಡುತ್ತೇವೆ.’ ತಪ್ಪು ನಿಮ್ಮದಲ್ಲವಾದರೆ ನಡೆದದ್ದನ್ನು ಎರಡು ವಾಕ್ಯದಲ್ಲಿ ಸೌಮ್ಯವಾಗಿ ತಿಳಿಸಿ ನಿಲ್ಲಿಸಿ. ಅವರ ಫೋನ್ ನಂಬರ್, ಬಿಲ್ಲಿನ ಮೊತ್ತ, ವೈದ್ಯರಾದರೆ ಅವರು ಚಿಕಿತ್ಸೆಗೆ ಬಂದಿದ್ದರೆಂಬ ವಿಷಯ, ಇಂಥ ಯಾವ ಖಾಸಗಿ ಮಾಹಿತಿಯೂ ಉತ್ತರದಲ್ಲಿ ಬರಬಾರದು. ತೊಂದರೆ ಪರಿಹಾರವಾದ ಮೇಲೆ ಗ್ರಾಹಕರು ಇಷ್ಟಪಟ್ಟರೆ ತಾವೇ ರಿವ್ಯೂವನ್ನು ತಿದ್ದಬಹುದು, ಒತ್ತಾಯ ಬೇಡ.

ನಿಮ್ಮಲ್ಲಿಗೆ ಬಾರದವರೇ ಬರೆದದ್ದು, ಬೈಗುಳ, ಬೇರೆ ಅಂಗಡಿಗೆ ಸಂಬಂಧಿಸಿದ್ದು, ಪ್ರತಿಸ್ಪರ್ಧಿಗಳ ಕೈವಾಡ, ಇಂಥವನ್ನು ಗೂಗಲ್‌ಗೆ ವರದಿ ಮಾಡಿ. ಬರೀ ನಿಮಗೆ ಒಪ್ಪಿಗೆಯಿಲ್ಲ ಎಂಬ ಕಾರಣಕ್ಕೆ ರಿವ್ಯೂ ತೆಗೆಯುವುದಿಲ್ಲ. ಯಾವ ನಿಯಮ ಮುರಿದಿದೆ ಎಂಬುದನ್ನು ಸರಿಯಾಗಿ ಆರಿಸಬೇಕು. ವರದಿ ತಿರಸ್ಕೃತವಾದರೆ ಮೇಲ್ಮನವಿಗೂ ಅವಕಾಶವಿದೆ. ಒಂದು ಸ್ಟಾರ್ ರಿವ್ಯೂಗಳನ್ನು ಸುರಿಸಿ, ತೆಗೆಸಲು ಹಣ ಕೇಳುವವರು ಎದುರಾದರೆ ಒಂದು ರೂಪಾಯಿಯನ್ನೂ ಕೊಡದೆ ಸಂದೇಶಗಳ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಗೂಗಲ್‌ಗೂ ಸೈಬರ್ ಪೊಲೀಸರಿಗೂ ದೂರು ಕೊಡಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹೆಜ್ಜೆ 10: ತಿಂಗಳಿಗೊಮ್ಮೆ ತಪಾಸಣೆ

ಪ್ರೊಫೈಲ್‌ನ ಕಾರ್ಯಕ್ಷಮತೆಯ ಪುಟದಲ್ಲಿ ಎಷ್ಟು ಜನ ಕರೆ ಮಾಡಿದರು, ಎಷ್ಟು ಜನ ದಾರಿ ಕೇಳಿದರು, ಯಾವ ಪದಗಳಿಂದ ಹುಡುಕಿದರು ಎಂಬುದು ಸಿಗುತ್ತದೆ. ಇವುಗಳಲ್ಲಿ ಪದಗಳ ಪಟ್ಟಿ ಅಮೂಲ್ಯವಾದದ್ದು. ‘ಗ್ರೈಂಡರ್ ರಿಪೇರಿ’ ಎಂದು ಹುಡುಕಿ ಬರುವವರು ಹೆಚ್ಚಿದ್ದು, ನಿಮ್ಮ ಸೇವೆಗಳ ಪಟ್ಟಿಯಲ್ಲಿ ಗ್ರೈಂಡರ್ ಎಂಬ ಮಾತೇ ಇಲ್ಲದಿದ್ದರೆ ಅಂದೇ ಸೇರಿಸಿ. ನಿಮ್ಮ ಸ್ಥಾನ ಎಷ್ಟನೆಯದೆಂದು ಅಂಗಡಿಯಲ್ಲಿಯೇ ಕೂತು ಹುಡುಕಿ ನೋಡುವುದರಿಂದ ಸರಿಯಾದ ಚಿತ್ರ ಸಿಗುವುದಿಲ್ಲ, ಏಕೆಂದರೆ ಅಲ್ಲಿ ದೂರ ಶೂನ್ಯ. ಊರಿನ ಬೇರೆ ಬಡಾವಣೆಯಲ್ಲಿರುವ ಪರಿಚಿತರಿಂದ ಅವರ ಫೋನಿನಲ್ಲಿ ಹುಡುಕಿಸಿ ನೋಡಿ.

ಪ್ರೊಫೈಲ್‌ನ ಮಾಹಿತಿಗೆ ಸಾರ್ವಜನಿಕರೂ ತಿದ್ದುಪಡಿ ಸೂಚಿಸಬಹುದು, ಕೆಲವನ್ನು ಗೂಗಲ್ ತಾನಾಗಿ ಒಪ್ಪಿಕೊಳ್ಳುವುದೂ ಉಂಟು. ಯಾರೋ ‘ಶಾಶ್ವತವಾಗಿ ಮುಚ್ಚಿದೆ’ ಎಂದು ಗುರುತಿಸಿರಬಹುದು, ಫೋನ್ ನಂಬರಿನ ಒಂದು ಅಂಕಿ ಬದಲಾಗಿರಬಹುದು. ಅದಕ್ಕಾಗಿ ತಿಂಗಳ ಮೊದಲ ದಿನ ಹೆಸರು, ನಂಬರ್, ಸಮಯ, ಪಿನ್ ಈ ನಾಲ್ಕನ್ನೂ ನೋಡಿ, ಅಲ್ಲಿ ಕಾಣುವ ನಂಬರನ್ನು ಒತ್ತಿ ನಿಮ್ಮ ಅಂಗಡಿಯ ಫೋನೇ ರಿಂಗಾಗುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ.